ಕ್ಯಾಟಲಿನ್ ಕರಿಕೊ ದಾರಿ ಮತ್ತು ನಮ್ಮ ದಾರಿ: ವೀಸಾ ಮೇಲೆ ಬಂದ ಹೆಣ್ಣುಮಕ್ಕಳು ಬಯೋಟೆಕ್‌ನಲ್ಲಿ ಮೇಲಕ್ಕೆ ಹೋಗುವುದು ಹೇಗೆ?

ಶಾಲ್ಮಲಾ (ನ್ಯೂಜೆರ್ಸಿ)

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ, ಬೇಜಾರು ಮಾಡಿಕೊಳ್ಳಬೇಡಿ.

ಹೋದ ವಾರ ನಮ್ಮ ಕನ್ನಡ ಕೂಟದಲ್ಲಿ ಹೈಸ್ಕೂಲ್ ಹುಡುಗಿಯರ ಜೊತೆ ಮಾತಾಡಲು ನನ್ನನ್ನು ಕರೆದಿದ್ದರು. ವಿಜ್ಞಾನ ಓದಿದರೆ ಮುಂದೆ ಏನು ಅಂತ ವಿಷಯ. ನಾನು ಕೋವಿಡ್‌ನ ಎಂಆರ್‌ಎನ್‌ಎ ಲಸಿಕೆಗೆ ದಾರಿ ಮಾಡಿಕೊಟ್ಟ ವಿಜ್ಞಾನಿ ಕ್ಯಾಟಲಿನ್ ಕರಿಕೊ ಅವರ ಕಥೆ ಹೇಳಿದೆ. ಮುಗಿದ ಮೇಲೆ ಒಬ್ಬ ಹುಡುಗಿ ಕೇಳಿದಳು, "ಆಂಟಿ, ಹಾಗಾದ್ರೆ ಬಿಡದೆ ಕಷ್ಟಪಟ್ಟರೆ ಆಗೇ ಆಗುತ್ತೆ ಅಲ್ವಾ?" ನಾನು ಹೂಂ ಅಂದುಬಿಟ್ಟೆ. ರಾತ್ರಿ ಪಾತ್ರೆ ತೊಳೆಯುವಾಗ ಅದೇ ಮಾತು ತಲೆಯಲ್ಲಿ ಸುತ್ತುತ್ತಿತ್ತು. ಅವಳಿಗೆ ನಾನು ಪೂರ್ತಿ ಸತ್ಯ ಹೇಳಲಿಲ್ಲ ಅನಿಸಿತು.

ಕಥೆ ಗೊತ್ತಿಲ್ಲದವರಿಗೆ ಹೇಳುತ್ತೇನೆ. ಹಂಗೇರಿಯ ಕಿಶೂಯ್ಸಾಲಾಶ್ ಅನ್ನುವ ಸಣ್ಣ ಊರು. ಅಪ್ಪ ಮಾಂಸದಂಗಡಿಯವರು. ಮನೆಯಲ್ಲಿ ನಲ್ಲಿ ನೀರಿಲ್ಲ, ಫ್ರಿಜ್ ಇಲ್ಲ. ಅಲ್ಲಿಂದ ಸೆಗೆಡ್‌ಗೆ ಹೋಗಿ ಪಿಎಚ್‌ಡಿ ಮಾಡಿದರು. 1985ರಲ್ಲಿ ಅಲ್ಲಿನ ಸಂಶೋಧನಾ ಕೇಂದ್ರದಲ್ಲಿ ದುಡ್ಡು ನಿಂತಿತು, ಕೆಲಸ ಹೋಯಿತು. ಆಗ 30 ವರ್ಷ. ಫಿಲಡೆಲ್ಫಿಯಾದ ಟೆಂಪಲ್ ಯೂನಿವರ್ಸಿಟಿಯಲ್ಲಿ ಪೋಸ್ಟ್‌ಡಾಕ್, ಅಂದರೆ ಪಿಎಚ್‌ಡಿ ಆದ ಮೇಲಿನ ಸಂಶೋಧನೆ ಕೆಲಸ ಸಿಕ್ಕಿತು. ಆಗಿನ ಹಂಗೇರಿಯಿಂದ ಜಾಸ್ತಿ ಹಣ ಹೊರಗೆ ಒಯ್ಯುವಂತಿರಲಿಲ್ಲ. ಕಾರು ಮಾರಿದರು. ಆ ಸುಮಾರು 900 ಪೌಂಡನ್ನು 2 ವರ್ಷದ ಮಗಳ ಕರಡಿ ಬೊಂಬೆಯೊಳಗೆ ಇಟ್ಟು ಹೊಲಿದುಕೊಂಡು ವಿಮಾನ ಹತ್ತಿದರು.

ಇಲ್ಲಿಯವರೆಗೆ ಎಲ್ಲರೂ ಹೇಳುತ್ತಾರೆ. ಆಮೇಲೆ ಒಂದೇ ನೆಗೆತಕ್ಕೆ 2023ರ ನೊಬೆಲ್‌ಗೆ ಹೋಗುತ್ತಾರೆ. ನಡುವೆ 38 ವರ್ಷ ಇದೆ, ಅದನ್ನು ನೋಡಿ. ಮೊದಲ ಕೆಲಸದಲ್ಲಿ ಬಾಸ್ ಜೊತೆ ಕೆಟ್ಟುಹೋದಾಗ ದೇಶ ಬಿಡಬೇಕಾಗುತ್ತದೇನೋ ಅನ್ನುವ ಭಯ ನೋಡಿದರು. 1989ರಲ್ಲಿ ಪೆನ್ಸಿಲ್ವೇನಿಯಾ ಯೂನಿವರ್ಸಿಟಿಗೆ ಬಂದರು. ಎಂಆರ್‌ಎನ್‌ಎ ಅನ್ನುವ, ಜೀವಕೋಶಕ್ಕೆ ಪ್ರೋಟೀನ್ ಮಾಡಲು ಹೇಳುವ ಅಣುವಿನಿಂದ ಔಷಧ ಮಾಡಬಹುದು ಅಂತ ಗ್ರಾಂಟ್ ಅರ್ಜಿ ಬರೆದರು, ಬರೆದರು, ಬರೆದರು. ಬರಲಿಲ್ಲ. 1995ರಲ್ಲಿ ಅವರನ್ನು ಪ್ರೊಫೆಸರ್ ಆಗುವ ದಾರಿಯಿಂದ ಕೆಳಗಿಳಿಸಿದರು. ಅದೇ ಹೊತ್ತಿಗೆ ಕ್ಯಾನ್ಸರ್ ಇರಬಹುದು ಅನ್ನುವ ಭಯ. ಗಂಡ ಬೇಲಾ ವೀಸಾ ತೊಂದರೆಯಿಂದ ಹಂಗೇರಿಯಲ್ಲಿ ಸಿಕ್ಕಿಕೊಂಡಿದ್ದರು. ಮಗಳು ಇವರ ಜೊತೆ.

ನಿಜ, ಅವರು ಬಿಡಲಿಲ್ಲ. ಆದರೆ ಅವತ್ತು ಅವರು ಉಳಿದದ್ದು ಛಲದಿಂದ ಮಾತ್ರ ಅಲ್ಲ. ಎಲಿಯಟ್ ಬಾರ್ನಾಥನ್ ಅನ್ನುವ ಹೃದಯ ತಜ್ಞರು ಮೊದಲು ತಮ್ಮ ಲ್ಯಾಬಿನಲ್ಲಿ ಜಾಗ ಕೊಟ್ಟಿದ್ದರು. ಅವರು ಯೂನಿವರ್ಸಿಟಿ ಬಿಟ್ಟು ಹೋದ ಮೇಲೆ ಡೇವಿಡ್ ಲ್ಯಾಂಗರ್ ಅನ್ನುವ ನರಶಸ್ತ್ರ ವೈದ್ಯರು, ಇವರ ಜೊತೆ ಲ್ಯಾಬಿನಲ್ಲಿ ಕೆಲಸ ಕಲಿತವರು, ತಮ್ಮ ವಿಭಾಗದಲ್ಲಿ ಇವರಿಗೆ ಜಾಗ ಕೊಡಿ ಅಂತ ಮೇಲಿನವರ ಹತ್ತಿರ ವಾದ ಮಾಡಿದರು. ಲ್ಯಾಬಿನಲ್ಲಿ ಕೆಲಸ ಮಾಡಲು ಒಂದು ಬೆಂಚು, ಒಂದು ಸಂಬಳ. ಆ ಬೆಂಚು ಇರದಿದ್ದರೆ ಝೆರಾಕ್ಸ್ ಮೆಷಿನ್ ಹತ್ತಿರ ಆಮೇಲೆ ಜೊತೆಗೆ ಕೆಲಸ ಮಾಡಿದ ವಿಜ್ಞಾನಿ ಡ್ರೂ ವೈಸ್‌ಮನ್ ಪರಿಚಯವಾಗುತ್ತಿರಲಿಲ್ಲ, 2005ರ ಪೇಪರ್ ಬರುತ್ತಿರಲಿಲ್ಲ. 2013ರಲ್ಲಿ ಜರ್ಮನಿಯ ಬಯೋಎನ್‌ಟೆಕ್ ಕಂಪನಿ ವೈಸ್ ಪ್ರೆಸಿಡೆಂಟ್ ಅಂತ ಕರೆದುಕೊಳ್ಳುತ್ತಲೂ ಇರಲಿಲ್ಲ.

ನನ್ನ ಪ್ರಶ್ನೆ ಇಷ್ಟೇ. ನೀವು, ಇಲ್ಲಾ ನಿಮ್ಮ ಮನೆಯವರು ಈ ದಾರಿಯಲ್ಲಿದ್ದರೆ, ನಿಮಗೆ ಬೆಂಚು ಕೊಟ್ಟವರು ಯಾರು? ಎಲ್ಲಿ ಸಿಕ್ಕಿಕೊಂಡಿರಿ? ಆ ಹುಡುಗಿಗೆ ನಾನು ಏನು ಹೇಳಬೇಕಿತ್ತು?

ಕೋಲಾರದವಳು (ಫ್ರಾಂಕ್‌ಫರ್ಟ್)

ಅಕ್ಕಾ, ಓದುತ್ತಾ ಕಣ್ಣು ತುಂಬಿತು. ನಾನು ಮೈಂಜ್ ಊರಿಗೆ ವಾರಕ್ಕೆ ಎರಡು ಸಲ ಹೋಗುತ್ತೇನೆ, ಬೇರೆ ಕಂಪನಿ ಕೆಲಸಕ್ಕೆ. ಬಯೋಎನ್‌ಟೆಕ್ ಇರುವ ರಸ್ತೆಯ ಹೆಸರು ಆನ್ ಡೆರ್ ಗೋಲ್ಡ್‌ಗ್ರೂಬೆ. ಅಂದರೆ ಚಿನ್ನದ ಗಣಿ ಹತ್ತಿರ. ನಮ್ಮ ತಾತ ಕೆಜಿಎಫ್ ಗಣಿಯಲ್ಲಿ ಇಳಿಯುತ್ತಿದ್ದವರು. ಮೊದಲ ಸಲ ಆ ಬೋರ್ಡು ಓದಿದಾಗ ಅಲ್ಲೇ ನಿಂತು ಫೋಟೋ ತೆಗೆದು ಅಮ್ಮನಿಗೆ ಕಳಿಸಿದೆ.

2013ರಲ್ಲಿ ಆ ಕಂಪನಿ ಅಂದರೆ ಯಾರಿಗೂ ಗೊತ್ತಿರಲಿಲ್ಲ. ಅಲ್ಲಿಗೆ ಹೋಗುತ್ತೇನೆ ಅಂದಾಗ ಯೂನಿವರ್ಸಿಟಿಯವರು ನಕ್ಕರು, ಅದಕ್ಕೆ ವೆಬ್‌ಸೈಟ್ ಕೂಡ ಇಲ್ಲ ಅಂದರು ಅಂತ ಕರಿಕೊ ಆಮೇಲೆ ಹೇಳಿದ್ದಾರೆ. ಆಗ ಅವರಿಗೆ 58 ವರ್ಷ. ನಮ್ಮ ಕಡೆ 58ಕ್ಕೆ ಬ್ಯಾಂಕಿನವರು, ಮೇಷ್ಟ್ರುಗಳು ರಿಟೈರ್ ಆಗುವ ಲೆಕ್ಕ ಹಾಕುತ್ತಿರುತ್ತಾರೆ. ಇವರು ಗಂಡನನ್ನು ಅಮೆರಿಕದಲ್ಲಿ ಬಿಟ್ಟು ಇನ್ನೊಂದು ದೇಶಕ್ಕೆ ಬಂದು ಮತ್ತೆ ಹೊಸಬರಾದರು. ಎರಡನೇ ಸಲದ ವಲಸೆ. ಅದನ್ನು ಯಾರೂ ಹೇಳುವುದಿಲ್ಲ.

ಇಲ್ಲಿ ನನಗೆ ಅಡ್ಡ ಬಂದದ್ದು ವೀಸಾ ಅಲ್ಲ. ಬ್ಲೂ ಕಾರ್ಡ್ (ಓದಿದ ಕೆಲಸಗಾರರಿಗೆ ಇಲ್ಲಿ ಕೊಡುವ ವಾಸದ ಪರ್ಮಿಟ್) ಇದ್ದರೆ 27 ತಿಂಗಳಿಗೆ ಖಾಯಂ ವಾಸದ ಹಕ್ಕು ಸಿಗುತ್ತದೆ, ಜರ್ಮನ್ ಭಾಷೆಯ ಬಿ1 ಪರೀಕ್ಷೆ ಪಾಸಾದರೆ 21 ತಿಂಗಳಿಗೇ. ಅಡ್ಡ ಬಂದದ್ದು ಭಾಷೆ. ಲ್ಯಾಬಿನಲ್ಲಿ ಎಲ್ಲರೂ ಇಂಗ್ಲಿಷ್. ಊಟದ ಟೇಬಲ್ಲಿನಲ್ಲಿ ಜರ್ಮನ್. ಮುಂದಿನ ವರ್ಷ ಯಾರ ಪ್ರಾಜೆಕ್ಟ್ ಇರುತ್ತದೆ, ಯಾರದು ಹೋಗುತ್ತದೆ ಅನ್ನುವುದು ಆ ಟೇಬಲ್ಲಿನಲ್ಲೇ ಅರ್ಧ ತೀರ್ಮಾನ ಆಗಿರುತ್ತದೆ. ನಾನು ಮೂರು ವರ್ಷ ಡಬ್ಬಿ ತೆಗೆದುಕೊಂಡು ಒಬ್ಬಳೇ ಡೆಸ್ಕಿನಲ್ಲಿ ಊಟ ಮಾಡಿದೆ, ಒಗ್ಗರಣೆ ವಾಸನೆ ಅಂತ ಯಾರಾದರೂ ಏನಾದರೂ ಅಂದುಕೊಂಡರೆ ಅನ್ನುವ ಸಂಕೋಚಕ್ಕೆ. ಅದು ನಾನು ಮಾಡಿದ ದೊಡ್ಡ ತಪ್ಪು. ಈಗ ಟೇಬಲ್ಲಿಗೆ ಹೋಗುತ್ತೇನೆ. ಚಿತ್ರಾನ್ನವೂ ಬರುತ್ತದೆ.

ಹಳೇ ಮೇಷ್ಟ್ರು (ಮೈಸೂರು)

ನಾನು 31 ವರ್ಷ ಕಾಲೇಜಿನಲ್ಲಿ ಜೀವರಸಾಯನಶಾಸ್ತ್ರ ಹೇಳಿಕೊಟ್ಟವನು. ಶಾಲ್ಮಲಾ ಅವರೇ, 2005ರ ಪೇಪರ್ ಬಗ್ಗೆ ಎರಡು ಮಾತು ಸೇರಿಸಬೇಕು. ಅದಿಲ್ಲದೆ ಈ ಹೆಣ್ಣುಮಗಳ ಕಥೆ ಬರೀ ಕಷ್ಟದ ಕಥೆ ಆಗಿಬಿಡುತ್ತದೆ.

ಮದುವೆ ಮನೆಯಲ್ಲಿ ಅಡುಗೆ ಭಟ್ಟರಿಗೆ ಚೀಟಿ ಬರೆದು ಕಳಿಸುತ್ತೇವಲ್ಲ, ಇಷ್ಟು ಹೋಳಿಗೆ, ಇಷ್ಟು ಚಿರೋಟಿ ಅಂತ, ಎಂಆರ್‌ಎನ್‌ಎ ಅಂದರೆ ಅಂಥ ಚೀಟಿ. ಜೀವಕೋಶ ಅದನ್ನು ಓದಿ ಪ್ರೋಟೀನ್ ಮಾಡುತ್ತದೆ. ತೊಂದರೆ ಏನೆಂದರೆ, ನಾವು ಹೊರಗಿನಿಂದ ಚೀಟಿ ಕಳಿಸಿದರೆ ದೇಹ ಅದನ್ನು ವೈರಸ್ ಅಂತ ತಿಳಿದು ಉರಿಯೂತ ಎಬ್ಬಿಸುತ್ತದೆ. ಭಟ್ಟರಿಗೆ ತಲುಪುವ ಮೊದಲೇ ಬಾಗಿಲಲ್ಲಿ ಗಲಾಟೆ. ಇದಕ್ಕೇ ಎಲ್ಲರೂ ಇದರ ಸಹವಾಸ ಬೇಡ ಅಂದದ್ದು.

ಕರಿಕೊ ಮತ್ತು ವೈಸ್‌ಮನ್ ಗಮನಿಸಿದ್ದೇನು? ನಮ್ಮ ಜೀವಕೋಶದೊಳಗೇ ಇರುವ ಟಿಆರ್‌ಎನ್‌ಎ ಅನ್ನುವ ಇನ್ನೊಂದು ಬಗೆಯ ಆರ್‌ಎನ್‌ಎ ಈ ಗಲಾಟೆ ಎಬ್ಬಿಸುವುದಿಲ್ಲ. ಅದರಲ್ಲಿ ಬದಲಾದ ಅಕ್ಷರಗಳು ಜಾಸ್ತಿ ಇರುತ್ತವೆ. ಹಾಗಾಗಿ ಅವರು ಯೂರಿಡಿನ್ ಅನ್ನುವ ಅಕ್ಷರದ ಬದಲು ಸ್ಯೂಡೋಯೂರಿಡಿನ್ ಹಾಕಿದರು. ಗಲಾಟೆ ನಿಂತಿತು. ಆಮೇಲಿನ ಕೆಲಸದಲ್ಲಿ ಪ್ರೋಟೀನ್ ಕೂಡ ಜಾಸ್ತಿ ಬಂತು. ದೊಡ್ಡ ಪತ್ರಿಕೆಯೊಂದು ಆ ಪೇಪರನ್ನು ತಳ್ಳಿಹಾಕಿತು, ಕೊನೆಗೆ ಇಮ್ಯುನಿಟಿ ಪತ್ರಿಕೆಯಲ್ಲಿ ಬಂತು. ಅದು ಬಂದಾಗ ನಾನೂ ಓದಿರಲಿಲ್ಲ. 2020ರ ಕೋವಿಡ್ ಎಂಆರ್‌ಎನ್‌ಎ ಲಸಿಕೆ ನಿಂತಿರುವುದು ಆ ಅಕ್ಷರದ ಬದಲಾವಣೆ ಮೇಲೆ ಮತ್ತು ಚೀಟಿಯನ್ನು ಸುತ್ತುವ ಕೊಬ್ಬಿನ ಕಣಗಳ ಮೇಲೆ.

ಕಂಪನಿಯೊಂದು ಅವರನ್ನು ದೊಡ್ಡ ಹುದ್ದೆಗೆ ಕರೆದದ್ದು ಅವರ ಕಷ್ಟ ನೋಡಿ ಅಲ್ಲ. ಬೇರೆ ಯಾರ ಕೈಯಲ್ಲೂ ಇಲ್ಲದ ಒಂದು ಗುಟ್ಟು ಅವರ ಕೈಯಲ್ಲಿತ್ತು. ಮಕ್ಕಳಿಗೆ ಇದನ್ನು ಹೇಳಿ.

ನೇರ ಮಾತು (ಬಾಸ್ಟನ್)

ಮೇಷ್ಟ್ರ ಮಾತು ಒಪ್ಪುತ್ತೇನೆ. ಶಾಲ್ಮಲಾ ಅವರದ್ದು ಅರ್ಧ ಒಪ್ಪುತ್ತೇನೆ. ನನ್ನ ತಕರಾರು ಬೇರೆ. ನಾಯಕತ್ವ ಅಂತ ವಿಷಯ ಇಟ್ಟುಕೊಂಡು ಕರಿಕೊ ಅವರನ್ನು ತಂದರೆ ಸರಿಯಾಗುವುದಿಲ್ಲ. ಅವರಿಗೆ ಹುದ್ದೆ ಸಿಕ್ಕಿದ್ದು ವಿಜ್ಞಾನಕ್ಕೆ. ಕಂಪನಿ ನಡೆಸಿದವರು ಬೇರೆ. ನಾಯಕಿ ಬೇಕು ಅಂದರೆ ರೇಷ್ಮಾ ಕೇವಲ್‌ರಮಾನಿ ಅವರನ್ನು ನೋಡಿ. ಮುಂಬೈಯಲ್ಲಿ ಹುಟ್ಟಿ ಚಿಕ್ಕ ಹುಡುಗಿಯಾಗಿ ಅಮೆರಿಕಕ್ಕೆ ಬಂದವರು. ಮೂತ್ರಪಿಂಡದ ಡಾಕ್ಟರ್. ಆಮ್ಜೆನ್ ಅನ್ನುವ ಬಯೋಟೆಕ್ ಕಂಪನಿಯಲ್ಲಿ ಹತ್ತಕ್ಕೂ ಜಾಸ್ತಿ ವರ್ಷ, 2017ರಲ್ಲಿ ವರ್ಟೆಕ್ಸ್ ಕಂಪನಿ, ಮಾರನೇ ವರ್ಷ ಅಲ್ಲಿ ಮುಖ್ಯ ವೈದ್ಯಾಧಿಕಾರಿ, 2020ರ ಏಪ್ರಿಲ್‌ನಲ್ಲಿ ಸಿಇಒ. ಅವರ ಕಾಲದಲ್ಲೇ ಸಿಕಲ್ ಸೆಲ್ ಅನ್ನುವ ರಕ್ತದ ರೋಗಕ್ಕೆ ಕ್ರಿಸ್ಪರ್ (ಜೀನ್ ತಿದ್ದುವ) ಚಿಕಿತ್ಸೆಗೆ 2023ರಲ್ಲಿ ಅನುಮತಿ ಬಂತು.

ಇನ್ನೊಂದು. ಒಬ್ಬ ಕರಿಕೊ ಕಾಣುತ್ತಾರೆ. ಅವರಷ್ಟೇ ಜಾಣರು, ಅಷ್ಟೇ ಛಲ ಇದ್ದವರು, ಬೆಂಚು ಸಿಗದೆ ಮನೆಗೆ ಹೋದವರು ಎಷ್ಟು ಜನ? ಅವರ ಬಗ್ಗೆ ಯಾರು ಬರೆಯುತ್ತಾರೆ? ನಮ್ಮ ಅತ್ತಿಗೆ ಒಬ್ಬರು. ಮೈಕ್ರೋಬಯಾಲಜಿಯಲ್ಲಿ ಚಿನ್ನದ ಪದಕ. ಈಗ ಮಕ್ಕಳಿಗೆ ಗಣಿತ ಟ್ಯೂಷನ್ ಮಾಡುತ್ತಾರೆ. ಟ್ಯೂಷನ್ ಕೀಳು ಅಂತ ಹೇಳುತ್ತಿಲ್ಲ, ಆದರೆ ಅವರು ಬಯಸಿದ್ದು ಅದಲ್ಲ.

ಶಾಲ್ಮಲಾ (ನ್ಯೂಜೆರ್ಸಿ)

ನೇರ ಮಾತು ಅವರೇ, ನಿಮ್ಮ ಎರಡನೇ ಮಾತು ನನಗೆ ನಾಟಿತು. ಅದೇ ನಾನು ಆ ಹುಡುಗಿಗೆ ಹೇಳದೆ ಬಿಟ್ಟದ್ದು.

ಮೊದಲನೆಯದಕ್ಕೆ ಉತ್ತರ ಕೊಡುತ್ತೇನೆ. ಕೇವಲ್‌ರಮಾನಿ ಅವರ ಬಗ್ಗೆ ನನಗೆ ಬಹಳ ಗೌರವ. ಆದರೆ ಚಿಕ್ಕಂದಿನಲ್ಲಿ ಬಂದು ಇಲ್ಲಿನ ಶಾಲೆಯಲ್ಲಿ ಓದಿದವರ ದಾರಿಯೇ ಬೇರೆ, 30ಕ್ಕೆ ಮಗು ಎತ್ತಿಕೊಂಡು ಬಂದವರ ದಾರಿಯೇ ಬೇರೆ. ನಾನು ಎರಡನೇ ಗುಂಪಿನವಳು. ಧಾರವಾಡದಲ್ಲಿ ಎಂಎಸ್ಸಿ, ಬೆಂಗಳೂರಿನಲ್ಲಿ ಪಿಎಚ್‌ಡಿ, 2007ರಲ್ಲಿ ಪೋಸ್ಟ್‌ಡಾಕ್ ಆಗಿ ಬಂದೆ. 2012ರಲ್ಲಿ ಒಂದು ಕಂಪನಿಗೆ ಸೈಂಟಿಸ್ಟ್ ಆಗಿ ಸೇರಿದೆ. 2016ರಲ್ಲಿ ಮ್ಯಾನೇಜರ್ ಕರೆದು ಗ್ರೂಪ್ ಲೀಡರ್ ಆಗು ಅಂದರು. ಅವತ್ತು ಮನೆಯಲ್ಲಿ ಶಾವಿಗೆ ಪಾಯಸ ಮಾಡಿದ್ದೆ. ಎರಡು ದಿನಕ್ಕೆ ಎಚ್‌ಆರ್‌ನಿಂದ ಮೇಲ್ ಬಂತು. ನಿಮ್ಮ ಗ್ರೀನ್ ಕಾರ್ಡ್ ಅರ್ಜಿ ಹಾಕಿರುವುದು ಬೆಂಚ್ ಸೈಂಟಿಸ್ಟ್ ಕೆಲಸಕ್ಕೆ, ಕೆಲಸ ಪೂರ್ತಿ ಬದಲಾದರೆ ಪರ್ಮ್ (ಗ್ರೀನ್ ಕಾರ್ಡಿಗೆ ಕಂಪನಿ ಮಾಡುವ ಮೊದಲ ಹಂತ) ಮತ್ತೆ ಮೊದಲಿನಿಂದ ಮಾಡಬೇಕಾಗಬಹುದು. ಯಾವ ದೇಶಕ್ಕೂ ಕಾರ್ಡುಗಳಲ್ಲಿ ಶೇಕಡಾ 7ಕ್ಕಿಂತ ಜಾಸ್ತಿ ಇಲ್ಲ ಅನ್ನುವ ನಿಯಮದಿಂದ ನಮ್ಮ ಸಾಲು ಎಷ್ಟು ಉದ್ದ ಅಂತ ನಿಮಗೆಲ್ಲ ಗೊತ್ತು. ಬೇಡ ಅಂದುಬಿಟ್ಟೆ. ನಾನೇ ಕೆಲಸ ಹೇಳಿಕೊಟ್ಟ ಹುಡುಗ ಆ ಹುದ್ದೆಗೆ ಹೋದ. ಒಳ್ಳೆಯ ಹುಡುಗ, ಅವನ ಮೇಲೆ ಸಿಟ್ಟಿಲ್ಲ. ಆದರೆ ವೀಸಾ ಮೇಲಿರುವವಳು ಮೇಲಕ್ಕೆ ಹೋಗುವ ಮೆಟ್ಟಿಲನ್ನು ತಾನೇ ಬೇಡ ಅನ್ನಬೇಕಾಗುತ್ತದೆ, ಹೊರಗಿನವರಿಗೆ ಅದು ಆಸೆ ಇಲ್ಲದವಳ ಹಾಗೆ ಕಾಣುತ್ತದೆ.

2018ರಲ್ಲಿ ಲೇಆಫ್. ಎಚ್1ಬಿ ಅನ್ನುವ ಕೆಲಸದ ವೀಸಾ ಇದ್ದವರಿಗೆ 60 ದಿನ. ಇನ್ನೊಂದು ಕೆಲಸ, ಇಲ್ಲದಿದ್ದರೆ ಗಂಟುಮೂಟೆ. 47ನೇ ದಿನ ಒಂದು ಸಣ್ಣ ಕಂಪನಿಯಲ್ಲಿ ಕೆಲಸ ಸಿಕ್ಕಿತು. ನನಗೆ ಬೆಂಚು ಕೊಟ್ಟವರು ಅಲ್ಲಿನ ಬಾಸ್, ತೈವಾನ್‌ನಿಂದ ಬಂದ ಹೆಂಗಸು.

ಅಲ್ಲಿನ ಒಂದು ಮೀಟಿಂಗ್ ಹೇಳಲೇಬೇಕು. ಪಿತ್ತಜನಕಾಂಗದ ಒಂದು ರೋಗಕ್ಕೆ ನಾವು ಒಂದು ಔಷಧ ಮಾಡುತ್ತಿದ್ದೆವು. 11 ಜನ, 2 ವರ್ಷದ ಕೆಲಸ. ನಾನು 22 ಸ್ಲೈಡ್ ಮಾಡಿಕೊಂಡು ಹೋಗಿದ್ದೆ. ನಮ್ಮ ಮೇಷ್ಟ್ರುಗಳು ಕಲಿಸಿದ ಹಾಗೆ, ಹಿನ್ನೆಲೆ ಮೊದಲು, ವಿಧಾನ ಆಮೇಲೆ, ಫಲಿತಾಂಶ ಕೊನೆಗೆ. ಮೂರನೇ ಸ್ಲೈಡಿಗೇ ಬಾಸ್ ಕೈ ಎತ್ತಿದರು. "ನಿಲ್ಲಿಸಬೇಕಾ, ಮುಂದುವರಿಸಬೇಕಾ?" ನಾನು ಡೇಟಾ ತೋರಿಸುತ್ತೇನೆ ಅಂದೆ. "ಡೇಟಾ ನಾನು ರಾತ್ರಿಯೇ ಓದಿದೆ. ನೀನು ಏನು ಹೇಳುತ್ತೀಯ?" ಇಲಿಗಳ ರಕ್ತದಲ್ಲಿ ಎಎಲ್‌ಟಿ (ಪಿತ್ತಜನಕಾಂಗಕ್ಕೆ ಪೆಟ್ಟಾದರೆ ಏರುವ ಕಿಣ್ವ) ಏರುತ್ತಿದೆ, ರೋಗಕ್ಕೆ ಬೇಕಾದ ಡೋಸಿನಲ್ಲೇ ಏರುತ್ತಿದೆ ಅಂತ ನನಗೆ ಮೂರು ವಾರದಿಂದ ಗೊತ್ತಿತ್ತು. 14ನೇ ಸ್ಲೈಡಿನ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ಹಾಕಿಟ್ಟಿದ್ದೆ. ಯಾರ ಮನಸ್ಸನ್ನೂ ನೋಯಿಸಬಾರದು ಅಂತ. "ನಿಲ್ಲಿಸೋಣ" ಅಂದೆ. ರೂಮಿನಲ್ಲಿ ಎಸಿ ಸದ್ದು ಮಾತ್ರ. ನನ್ನ ಎದುರಿಗೆ ಕೂತಿದ್ದ ಕೆಮಿಸ್ಟ್ ಪೆನ್ನಿನ ಕ್ಯಾಪ್ ಹಾಕಿ, ತೆಗೆದು, ಮತ್ತೆ ಹಾಕಿದರು.

ಅವತ್ತಿನ ಮೇಲೆ ಯಾವ ಪ್ರಾಜೆಕ್ಟ್ ಇರಬೇಕು ಅಂತ ತೀರ್ಮಾನ ಮಾಡುವ ಮೀಟಿಂಗಿಗೆ ನನ್ನನ್ನು ಕರೆಯತೊಡಗಿದರು. ಕಾಲೇಜಿನಲ್ಲಿ ಸರಿ ಉತ್ತರ ಕೊಟ್ಟರೆ ಸಾಕು. ಕಂಪನಿಯಲ್ಲಿ ಡೇಟಾ ಪೂರ್ತಿ ಬರುವ ಮೊದಲೇ ಒಂದು ಮಾತು ಹೇಳಿ, ಅದಕ್ಕೆ ನನ್ನ ಹೆಸರು ಇಡಬೇಕು. ಇನ್ನೊಂದು ಕಷ್ಟ, ನಾನು ಅನ್ನುವ ಪದ. ಮನೆಯಲ್ಲಿ ನಾನು ನಾನು ಅಂದರೆ ಜಂಬ ಅಂತ ಅಜ್ಜಿ ಬೈಯುತ್ತಿದ್ದರು. ವರ್ಷದ ಕೊನೆಯ ರಿವ್ಯೂನಲ್ಲಿ ಎಲ್ಲಾ ಕಡೆ "ನಾವು ಮಾಡಿದೆವು" ಅಂತ ಬರೆದಿದ್ದೆ. ಬಾಸ್ ಅದನ್ನು ವಾಪಸ್ ಕಳಿಸಿದರು. ಇದರಲ್ಲಿ ನಿನ್ನ ಕೆಲಸ ಯಾವುದು, ಅದಕ್ಕೆ ಗೆರೆ ಎಳೆ ಅಂತ.

ಬೆಣ್ಣೆದೋಸೆ (ಟೆಕ್ಸಸ್)

ಶಾಲ್ಮಲಾ ಅಕ್ಕಾ, ಇಲ್ಲಿ ಮೊದಲ ಸಲ ಬರೆಯುತ್ತಿದ್ದೇನೆ. ದಾವಣಗೆರೆಯವಳು. ಎಂಎಸ್ಸಿ ಬಯೋಕೆಮಿಸ್ಟ್ರಿ, ಬೆಂಗಳೂರಿನಲ್ಲಿ ಒಂದು ಕಂಪನಿಯ ಕ್ಯೂಸಿಯಲ್ಲಿ (ಗುಣಮಟ್ಟ ಪರೀಕ್ಷೆ ವಿಭಾಗ) 3 ವರ್ಷ ಎಚ್‌ಪಿಎಲ್‌ಸಿ (ಮಿಶ್ರಣದ ಅಂಶ ಬೇರ್ಪಡಿಸಿ ಅಳೆಯುವ ಮೆಷಿನ್) ನಡೆಸುತ್ತಿದ್ದೆ. ಮದುವೆಯಾಗಿ ಎಚ್4 (ಎಚ್1ಬಿ ಇರುವವರ ಹೆಂಡತಿಗೆ ಕೊಡುವ ವೀಸಾ) ಮೇಲೆ ಬಂದು 5 ವರ್ಷ ಆಯಿತು. ಮಗನಿಗೆ 3. ಇವರ ಐ-140 (ಗ್ರೀನ್ ಕಾರ್ಡಿಗಾಗಿ ಕಂಪನಿ ಹಾಕುವ ಅರ್ಜಿ) ಇನ್ನೂ ಆಗಿಲ್ಲ, ಹಾಗಾಗಿ ಕೆಲಸ ಮಾಡುವ ಪರ್ಮಿಟ್ ಇಲ್ಲ. ನೀವೆಲ್ಲ ಡೈರೆಕ್ಟರ್, ವೈಸ್ ಪ್ರೆಸಿಡೆಂಟ್ ಅಂತ ಮಾತಾಡುತ್ತಿದ್ದೀರಿ. ನನಗೆ ಲ್ಯಾಬಿನ ಬಾಗಿಲೊಳಗೆ ಕಾಲಿಟ್ಟರೆ ಸಾಕು. ಪಿಪೆಟ್ ಹಿಡಿಯುವ ಹೆಬ್ಬೆರಳಿನ ಅಭ್ಯಾಸ ಹೋಗಿಬಿಟ್ಟಿದೆಯೇನೋ ಅಂತ ಭಯ. 5 ವರ್ಷದ ಗ್ಯಾಪ್‌ಗೆ ರೆಸ್ಯೂಮೆಯಲ್ಲಿ ಏನು ಬರೆಯುವುದು?

ತೀರ್ಥಹಳ್ಳಿಯವ (ನಾರ್ತ್ ಕೆರೊಲಿನಾ)

ಗಂಡಸರೂ ಬರೆಯಬಹುದು ಅಂತ ಅಂದುಕೊಂಡು ಬರೆಯುತ್ತಿದ್ದೇನೆ. ನನ್ನ ಹೆಂಡತಿಗೆ ಬಾಸ್ಟನ್ನಿನ ಒಂದು ಕಂಪನಿಯಲ್ಲಿ ಕ್ಲಿನಿಕಲ್ ವಿಭಾಗದಲ್ಲಿ ವೈಸ್ ಪ್ರೆಸಿಡೆಂಟ್ ಕೆಲಸ ಸಿಕ್ಕಿತು. ನನ್ನ ಕೆಲಸ ಇಲ್ಲಿ, ಮಗಳು ಹತ್ತನೇ ಕ್ಲಾಸು. ಸೋಮವಾರ ಹೋಗಿ ಗುರುವಾರ ಬರುತ್ತಾಳೆ. ಎರಡೂ ಕಡೆಯ ಮನೆಯವರು ಕೇಳಿದ್ದು ಒಂದೇ ಪ್ರಶ್ನೆ, "ಊಟಕ್ಕೆ ಏನು ಮಾಡ್ತೀಯಪ್ಪಾ?" ಅವಳಿಗೆ ಏನು ಕೆಲಸ ಸಿಕ್ಕಿದೆ ಅಂತ ನಮ್ಮ ದೊಡ್ಡಪ್ಪ ಒಬ್ಬರು ಮಾತ್ರ ಕೇಳಿದರು.

ಊಟಕ್ಕೆ ತೊಂದರೆ ಇಲ್ಲ. ಭಾನುವಾರ ಸಾರಿನ ಪುಡಿ ಹುರಿದಿಡುತ್ತೇನೆ. ಕರಿಕೊ ಅವರ ಗಂಡ ಬೇಲಾ ಒಂದು ಅಪಾರ್ಟ್‌ಮೆಂಟ್ ಸಮುಚ್ಚಯ ನೋಡಿಕೊಳ್ಳುವ ಕೆಲಸ ಮಾಡುತ್ತಿದ್ದರು ಅಂತ ಓದಿದ್ದೇನೆ. ಮಗಳು ಸೂಸನ್ ದೋಣಿ ಸ್ಪರ್ಧೆಯಲ್ಲಿ 2008 ಮತ್ತು 2012ರಲ್ಲಿ ಅಮೆರಿಕಕ್ಕೆ ಒಲಿಂಪಿಕ್ ಚಿನ್ನ ತಂದಳು. ಅಮ್ಮ ಲ್ಯಾಬಿನಲ್ಲೇ ಇದ್ದರೆ ಮಕ್ಕಳು ಹಾಳಾಗುತ್ತಾರೆ ಅನ್ನುವವರಿಗೆ ನಾನು ಇದನ್ನು ಹೇಳುತ್ತೇನೆ.

ನಿಜ ಹೇಳಬೇಕಂದರೆ ಮೊದಲ ಎರಡು ತಿಂಗಳು ನನಗೆ ಕಷ್ಟ ಆಯಿತು. ಮಗಳಿಗೆ ಜ್ವರ ಬಂದ ರಾತ್ರಿ ಸಿಟ್ಟು ಬಂತು, ಫೋನಿನಲ್ಲಿ ಕೂಗಾಡಿದೆ. ಅವಳು ಅಲ್ಲಿ ಹೋಟೆಲ್ ರೂಮಿನಲ್ಲಿ ಅತ್ತಳು. ಮಾರನೇ ದಿನ ಕ್ಷಮೆ ಕೇಳಿದೆ. ಇದನ್ನೂ ಬರೆಯಬೇಕು ಅನಿಸಿತು.

ಶಾಲ್ಮಲಾ (ನ್ಯೂಜೆರ್ಸಿ)

ತೀರ್ಥಹಳ್ಳಿಯವರೇ, ಬರೆದದ್ದಕ್ಕೆ ನಿಜವಾಗಿ ಥ್ಯಾಂಕ್ಸ್. ನಿಮ್ಮ ಮನೆಯವರಿಗೆ ನನ್ನ ನಮಸ್ಕಾರ ತಿಳಿಸಿ.

ಬೆಣ್ಣೆದೋಸೆ ತಂಗಿ, ನಿನಗೆ ಉದ್ದ ಉತ್ತರ. 2015ರಿಂದ ಎಚ್4ನವರಿಗೆ ಕೆಲಸದ ಪರ್ಮಿಟ್ ಸಿಗುತ್ತಿದೆ, ಆದರೆ ಗಂಡನ ಐ-140 ಪಾಸಾಗಿರಬೇಕು, ಇಲ್ಲಾ ಎಚ್1ಬಿ 6 ವರ್ಷ ದಾಟಿ ಮುಂದುವರಿದಿರಬೇಕು. ಕಂಪನಿಯನ್ನು ಪರ್ಮ್ ಎಲ್ಲಿಗೆ ಬಂತು ಅಂತ ಕೇಳುವುದಕ್ಕೆ ಅವರಿಗೆ ಸಂಕೋಚ ಇದ್ದರೆ, ಕೇಳಿಸು. ಸುಮ್ನೆ ಕಾಯುತ್ತಾ ಕೂರಬೇಡ.

ಜಾಸ್ತಿ ಜನಕ್ಕೆ ಗೊತ್ತಿಲ್ಲದ ಇನ್ನೊಂದು ಬಾಗಿಲು ಇದೆ. ಯೂನಿವರ್ಸಿಟಿಗಳಿಗೆ, ಅವುಗಳ ಜೊತೆ ಸೇರಿದ ಆಸ್ಪತ್ರೆಗಳಿಗೆ, ಲಾಭಕ್ಕಲ್ಲದ ಸಂಶೋಧನಾ ಸಂಸ್ಥೆಗಳಿಗೆ ಎಚ್1ಬಿ ಲಾಟರಿ ಇಲ್ಲ. ವರ್ಷದಲ್ಲಿ ಯಾವಾಗ ಬೇಕಾದರೂ ಅರ್ಜಿ ಹಾಕಬಹುದು. ರಿಸರ್ಚ್ ಅಸೋಸಿಯೇಟ್, ಕೋರ್ ಫೆಸಿಲಿಟಿ ಸ್ಪೆಷಲಿಸ್ಟ್ ಅಂತ ಹುದ್ದೆ ಹುಡುಕು. ಎಚ್‌ಪಿಎಲ್‌ಸಿ ನಡೆಸಿ ಗೊತ್ತಿರುವವರು ಅಲ್ಲಿ ಬೇಕಾಗುತ್ತಾರೆ. ನಿಯಮ, ಫೀಸು ಬದಲಾಗುತ್ತಾ ಇರುತ್ತವೆ, ಹಾಗಾಗಿ ಅರ್ಜಿ ಹಾಕುವ ಮೊದಲು ವಕೀಲರ ಹತ್ತಿರ ಒಮ್ಮೆ ಕೇಳು. ಸಂಬಳ ಇಲ್ಲದೆ ಲ್ಯಾಬಿಗೆ ಬಾ ಅಂತ ಯಾರಾದರೂ ಕರೆದರೂ ವಕೀಲರನ್ನು ಕೇಳದೆ ಹೋಗಬೇಡ. ಎಚ್4 ಮೇಲೆ ಅದು ತೊಂದರೆಗೆ ಸಿಕ್ಕಿಸಬಹುದು.

ಗ್ಯಾಪ್‌ಗೆ ಒಂದೇ ಸಾಲು ಬರೆ. ಮಗು ನೋಡಿಕೊಳ್ಳಲು ಮತ್ತು ವೀಸಾ ನಿಯಮದ ಕಾರಣಕ್ಕೆ ವಿರಾಮ, ಇಂಥ ವರ್ಷದಿಂದ ಇಂಥ ವರ್ಷದವರೆಗೆ. ಕ್ಷಮೆ ಕೇಳುವ ಧಾಟಿ ಬೇಡ. ಮೇಲೆ ನಿನ್ನ 3 ವರ್ಷದ ಕೆಲಸ ಹಾಕು. ದಿನಕ್ಕೆ ಎಷ್ಟು ಸ್ಯಾಂಪಲ್ ನಡೆಸುತ್ತಿದ್ದೆ, ಯಾವ ಮೆಷಿನ್, ಆಡಿಟ್ ಬಂದಾಗ ನೀನು ಏನು ಮಾಡಿದೆ, ಎಲ್ಲಾ ಬೇಕು. ಹೆಬ್ಬೆರಳಿನ ಅಭ್ಯಾಸ ಎಲ್ಲೂ ಹೋಗುವುದಿಲ್ಲ. ನಾನು ಬೆಂಚು ಬಿಟ್ಟು 6 ವರ್ಷ ಆಯಿತು, ಹೋದ ತಿಂಗಳು ಲ್ಯಾಬಿನಲ್ಲಿ ಸುಮ್ನೆ ಪಿಪೆಟ್ ಹಿಡಿದು ನೋಡಿದೆ. ಹಾಗೇ ಇದೆ.

ಹಳೇ ಮೇಷ್ಟ್ರು (ಮೈಸೂರು)

ಒಂದು ಮಾತು ಹೇಳಿ ಸುಮ್ಮನಾಗುತ್ತೇನೆ. ಕರಿಕೊ ಅವರ ಅಮ್ಮ ಪ್ರತಿ ಅಕ್ಟೋಬರ್‌ನಲ್ಲಿ ರೇಡಿಯೋದಲ್ಲಿ ನೊಬೆಲ್ ಸುದ್ದಿ ಕೇಳುತ್ತಿದ್ದರಂತೆ, ಮಗಳ ಹೆಸರು ಬರಬಹುದು ಅಂತ. ಆಗ ಮಗಳು ಪ್ರೊಫೆಸರ್ ಕೂಡ ಆಗಿರಲಿಲ್ಲ. ಅಮ್ಮ 2018ರಲ್ಲಿ ತೀರಿಕೊಂಡರು. ಬೆಣ್ಣೆದೋಸೆ, ನಿನ್ನ ರೆಸ್ಯೂಮೆ ನನಗೂ ಕಳಿಸಮ್ಮಾ. ಅಮೆರಿಕದ ಪದ್ಧತಿ ನನಗೆ ಗೊತ್ತಿಲ್ಲ, ಆದರೆ ಕೆಮಿಸ್ಟ್ರಿಯಲ್ಲಿ ತಪ್ಪಿದ್ದರೆ ಹಿಡಿಯುತ್ತೇನೆ.

ಬೆಣ್ಣೆದೋಸೆ (ಟೆಕ್ಸಸ್)

ಅಕ್ಕಾ, ಮೇಷ್ಟ್ರೇ, ಮಗ ಮಲಗಿದ ಮೇಲೆ ಹಳೇ ಪೆನ್‌ಡ್ರೈವ್ ಹುಡುಕಿ ತೆಗೆದೆ. ಕ್ಯೂಸಿಯಲ್ಲಿ ನಾನೇ ಬರೆದ ಮೂರು ಎಸ್‌ಒಪಿ (ಕೆಲಸ ಮಾಡುವ ಕ್ರಮ ಬರೆದಿಟ್ಟ ದಾಖಲೆ) ಸಿಕ್ಕಿದವು. ಕೆಳಗೆ "ತಯಾರಿಸಿದವರು" ಅಂತ ನನ್ನ ಹೆಸರೇ ಇದೆ, ಮರೆತೇ ಹೋಗಿತ್ತು. ಡಾಕ್ಯುಮೆಂಟ್ ಕಂಪನಿಯದ್ದು, ಹೊರಗೆ ತೋರಿಸುವಂತಿಲ್ಲ ಅಂತ ಗೊತ್ತು. ಆದರೆ ಮೂರು ಎಸ್‌ಒಪಿ ನಾನು ಬರೆದೆ ಅಂತ ರೆಸ್ಯೂಮೆಯಲ್ಲಿ ಹಾಕಬಹುದು ಅಲ್ವಾ? ಇಲ್ಲೇ ಹತ್ತಿರದ ಮೆಡಿಕಲ್ ಸ್ಕೂಲ್ ಒಂದರಲ್ಲಿ ರಿಸರ್ಚ್ ಅಸೋಸಿಯೇಟ್ ಹುದ್ದೆ ಇದೆ, ಕೊನೆಯ ದಿನಾಂಕ ಶುಕ್ರವಾರ.

ಶಾಲ್ಮಲಾ (ನ್ಯೂಜೆರ್ಸಿ)

ಹಾಕು. "ನಾನು ಬರೆದೆ" ಅಂತಲೇ ಹಾಕು. ಬುಧವಾರ ರಾತ್ರಿ ನಿಮ್ಮ 9 ಗಂಟೆಗೆ ನನಗೆ ಫೋನ್ ಮಾಡು, ಇಬ್ಬರೂ ಕೂತು ಓದೋಣ.